ಸೂರ್ಯಘರ್ ಸಹಾಯಧನ: ಮಲೆನಾಡಿನ ಮನೆಗೆ ಎಷ್ಟು ಪ್ರಯೋಜನ?

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಮೇಲೆ 3 ಕಿಲೋವ್ಯಾಟ್ ಸೌರ ಘಟಕ ಕೂರಿಸಿದ ಮೇಲೆ ಒಂದು ಮಳೆಗಾಲ ಕಳೆದಿರುವುದರಿಂದ, ‘ಪ್ರಧಾನಮಂತ್ರಿ ಸೂರ್ಯಘರ್’ ಯೋಜನೆಯ ಬಗ್ಗೆ ಈಗ ಅನುಭವದಿಂದ ಬರೆಯಬಹುದು.

2024ರ ಫೆಬ್ರವರಿಯಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಹೀಗೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಇನ್ನೂ ದೊಡ್ಡ ಘಟಕ ಹಾಕಿದರೂ ಮೊತ್ತ ಹೆಚ್ಚುವುದಿಲ್ಲ. ಪೂರ್ಣ ವೆಚ್ಚವನ್ನು ಮೊದಲು ನಾವೇ ಅಥವಾ ಬ್ಯಾಂಕ್ ಸಾಲದಿಂದ ಭರಿಸಬೇಕಾಗುತ್ತದೆ. ನೆಟ್ ಮೀಟರ್ (ಲೈನಿಗೆ ಕೊಟ್ಟ ಮತ್ತು ಲೈನಿನಿಂದ ಪಡೆದ ವಿದ್ಯುತ್ತನ್ನು ಅಳೆಯುವ ಮೀಟರ್) ಅಳವಡಿಸಿ, ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂನ ಪರಿಶೀಲನೆ ಮುಗಿದ ಬಳಿಕ ಸಹಾಯಧನ ಖಾತೆಗೆ ಜಮೆಯಾಗುತ್ತದೆ. ನಮಗೆ ಅದು ತಕರಾರಿಲ್ಲದೆ ಬಂತು.

ಘಟಕ ಕೂರಿಸಿದವರ ಕೆಲಸ ಅಚ್ಚುಕಟ್ಟಾಗಿದ್ದರೂ, ಮಲೆನಾಡಿಗೆ ಅತಿ ಮುಖ್ಯವಾದ ಸಂಗತಿಯನ್ನು ಅವರು ತಿಳಿಸಲಿಲ್ಲ. ಲೈನಿನಲ್ಲಿ ಕರೆಂಟು ಹೋದೊಡನೆ, ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸುವ ಈ ಬಗೆಯ ಇನ್ವರ್ಟರ್ (ಫಲಕಗಳ ವಿದ್ಯುತ್ತನ್ನು ಮನೆಬಳಕೆಗೆ ಹೊಂದಿಸುವ ಸಾಧನ) ಕೂಡ ತಾನಾಗಿ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ವಿದ್ಯುತ್ ತಗುಲಬಾರದೆಂಬ ಈ ವ್ಯವಸ್ಥೆ ಸರಿಯಾದುದೇ. ಆದರೆ ಮರ ಬಿದ್ದು ತಂತಿ ಹರಿಯುವ ಆಷಾಢದಲ್ಲಿ, ನಡುವೆ ಬಿಸಿಲು ಬಿದ್ದರೂ, ಛಾವಣಿಯ ಫಲಕಗಳಿಂದ ಮನೆಗೆ ಏನೂ ಸಿಗುವುದಿಲ್ಲ. ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಹಾಕಿಸಿದರೆ ಈ ತೊಂದರೆ ನೀಗುತ್ತದೆ, ಬ್ಯಾಟರಿಯ ಖರ್ಚಿಗೆ ಮಾತ್ರ ಸಹಾಯಧನವಿಲ್ಲ.

ವರ್ಷದ ಸರಾಸರಿಯಲ್ಲಿ ಒಂದು ಕಿಲೋವ್ಯಾಟ್‌ಗೆ ತಿಂಗಳಿಗೆ ನೂರು ಯೂನಿಟ್‌ಗಿಂತ ಮೇಲೆಂದು ಮಾರುವವರು ಹೇಳುವ ಲೆಕ್ಕ ಬಯಲುಸೀಮೆಗೆ ಒಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವ ನಮ್ಮಲ್ಲಿ ಅಷ್ಟು ನಿರೀಕ್ಷಿಸುವಂತಿಲ್ಲ. ಅಲ್ಲದೆ, ಪಕ್ಕದ ಅಡಿಕೆ ಮರದ ನೆರಳು ಒಂದು ಫಲಕದ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಪಾಚಿಯನ್ನೂ ಆಗಾಗ ತೊಳೆಯಬೇಕು (ಜಾರುವ ಹೆಂಚಿನ ಮೇಲೆ ಹತ್ತಿ ತೊಳೆಯುವವರು ಯಾರೆಂಬುದನ್ನು ಒಪ್ಪಂದಕ್ಕೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು).

ಗೃಹಜ್ಯೋತಿಯಿಂದ ಶೂನ್ಯ ಬಿಲ್ ಬರುತ್ತಿರುವ ಮನೆಯವರಿಗೆ ಈ ಹೂಡಿಕೆಯಿಂದ ಉಳಿತಾಯ ಕಾಣುವುದಿಲ್ಲವಾದ್ದರಿಂದ, ಬಳಕೆ 200 ಯೂನಿಟ್ ದಾಟಿ ಪೂರ್ಣ ಬಿಲ್ ಕಟ್ಟುವ ದೊಡ್ಡ ಕುಟುಂಬಗಳಿಗೆ ಮತ್ತು ಫ್ರಿಜ್, ಗೀಸರ್, ಪಂಪುಗಳನ್ನು ಒಂದೇ ಮೀಟರಿನಲ್ಲಿ ನಡೆಸುವವರಿಗೆ ಮಾತ್ರ ನಾನು ಇದನ್ನು ಶಿಫಾರಸು ಮಾಡುತ್ತೇನೆ. ಉಳಿದವರು ಸುಮಾರು 75 ವ್ಯಾಟ್‌ನ ಹಳೆಯ ಫ್ಯಾನುಗಳನ್ನು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಬದಲಿಸಿಕೊಂಡರೆ, ಸಹಾಯಧನದ ಅರ್ಜಿಯೇ ಇಲ್ಲದೆ ಬಳಕೆ 200ರ ಒಳಗೆ ಉಳಿಯಬಹುದು.