ಗಾಲಿಯೊಳಗಿನ ಮೋಟಾರು: ಒಬ್ಬ ಪಿಗ್ಮಿ ಏಜೆಂಟನ ಲೆಕ್ಕ

ಬೆಳಗಾವಿಯ ಪೇಟೆಯಲ್ಲಿ ಪಿಗ್ಮಿ ಹಣ ಸಂಗ್ರಹಿಸುವುದು ನನ್ನ ಕೆಲಸ. ಖಡೇಬಜಾರ, ಗಣಪತ ಗಲ್ಲಿ, ಮಾರುತಿ ಗಲ್ಲಿ ಎಂದು ಅಂಗಡಿಯಿಂದ ಅಂಗಡಿಗೆ ಇಳಿದು ಹತ್ತುತ್ತಲೇ ಇರಬೇಕು. ಇಂಥವನಿಗೆ ಸೈಕಲ್ ಎಷ್ಟು ಜೋರಾಗಿ ಓಡುತ್ತದೆ ಎನ್ನುವುದಕ್ಕಿಂತ ನಿಂತಲ್ಲಿಂದ ಹೇಗೆ ಎಳೆಯುತ್ತದೆ ಎನ್ನುವುದು ಮುಖ್ಯ. ಆದರೆ ಸೈಕಲ್‌ಗೆ ಹಾಕುವ ವಿದ್ಯುತ್ ಮೋಟಾರಿನ ಕಿಟ್ ಮಾರುವವರು ವ್ಯಾಟ್ ಬಿಟ್ಟು ಬೇರೆ ಮಾತು ಎತ್ತುವುದೇ ಇಲ್ಲ.

ನನ್ನದು 26 ಇಂಚಿನ ಗಾಲಿಯ, ಗೇರಿಲ್ಲದ ಹಳೆಯ ಸೈಕಲ್. ಅದರ ಹಿಂದಿನ ಗಾಲಿಗೆ 250 ವ್ಯಾಟ್‌ನ ಗೇರ್ಡ್ ಹಬ್ ಮೋಟಾರು, ಅಂದರೆ ಗಾಲಿಯ ನಡುವೆಯೇ ಕುಳಿತು ಹಲ್ಲುಚಕ್ರಗಳ ಮೂಲಕ ಅದನ್ನು ತಿರುಗಿಸುವ ಮೋಟಾರು, ಹಾಕಿಸಿದ್ದೇನೆ. ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್. ಒಂದು ಇಡೀ ಮಳೆಗಾಲ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ಗಾಲಿಯನ್ನು ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಹಬ್. ಒಳಗೆ ಹಲ್ಲುಚಕ್ರಗಳಿಲ್ಲ, ಸವೆಯುವ ಭಾಗ ಕಡಿಮೆ, ಸದ್ದೂ ಇಲ್ಲ. ಬ್ರೇಕ್ ಹಿಡಿದಾಗ ಕರೆಂಟು ವಾಪಸ್ ಬರುತ್ತದೆ ಎಂದು ಮಾರುವವರು ಬಹಳ ಹೇಳಿದರು. ಸೈಕಲ್‌ನಂಥ ಹಗುರ ವಾಹನದಲ್ಲಿ ಹಾಗೆ ಬರುವುದು ಅತ್ಯಲ್ಪ. ಪೈಸೆ ಪೈಸೆ ಕೂಡಿಸುವ ನನಗೂ ಅದು ಜಮೆಗೆ ಹಿಡಿಯುವಷ್ಟು ಕಾಣಲಿಲ್ಲ. ಮೋಟಾರು ಮಾತ್ರ ತೂಕ. ಸ್ವಿಚ್ ಆರಿಸಿ ತುಳಿದರೆ ಒಳಗಿನ ಅಯಸ್ಕಾಂತಗಳು ಗಾಲಿಯನ್ನು ಹಿಡಿದೆಳೆಯುತ್ತವೆ. ಬ್ಯಾಟರಿ ಮುಗಿದ ಸಂಜೆ ಅದನ್ನು ತುಳಿದುಕೊಂಡು ವಡಗಾವಿಯವರೆಗೆ ಹೋಗುವವರು ಯಾರು?

ಗೇರ್ಡ್ ಹಬ್‌ನಲ್ಲಿ ಮೋಟಾರು ಗಾಲಿಗಿಂತ ಹಲವು ಪಟ್ಟು ವೇಗವಾಗಿ ಸುತ್ತುತ್ತದೆ; ನಡುವಿನ ಹಲ್ಲುಚಕ್ರಗಳು ಆ ವೇಗವನ್ನು ಎಳೆತವನ್ನಾಗಿ ಮಾಡುತ್ತವೆ. ಸಣ್ಣ ಮೋಟಾರೇ ಆದರೂ ಹೊರಡುವಾಗ ಏದುಸಿರು ಬಿಡುವುದಿಲ್ಲ. ಮೋಟಾರು ನಿಂತಾಗ ಗಾಲಿಯನ್ನು ಅದರಿಂದ ಬಿಡಿಸುವ ಫ್ರೀವೀಲ್ ಒಳಗೆ ಇರುವುದರಿಂದ ಸ್ವಿಚ್ ಆರಿಸಿದಾಗ ಸಾಧಾರಣ ಸೈಕಲ್‌ನಂತೆಯೇ ಉರುಳುತ್ತದೆ. ಗುಂಯ್ ಎನ್ನುವ ಸಣ್ಣ ಸದ್ದು ಇದೆ, ಖಡೇಬಜಾರದಲ್ಲಿ ಅದು ಯಾರ ಕಿವಿಗೂ ಬೀಳದು. ಕಪಿಲೇಶ್ವರ ಮೇಲ್ಸೇತುವೆಯನ್ನು ಕಾಲಿನ ಸಹಾಯ ಕೊಟ್ಟು ಏರುತ್ತೇನೆ. ಕೊಡದಿದ್ದರೆ ವೇಗ ಕುಸಿದು ಬ್ಯಾಟರಿಯ ಕರೆಂಟು ಮೋಟಾರಿನಲ್ಲಿ ಬರೀ ಬಿಸಿಯಾಗಿ ಹೋಗುತ್ತದೆ.

ಮಿಡ್-ಡ್ರೈವ್ ಉತ್ತಮ ಎಂದು ಭಾವಮೈದುನ ಹಟ ಹಿಡಿದಿದ್ದ. ಉತ್ತಮವೇ, ಆದರೆ ಅವನ ಗೇರಿನ ಸೈಕಲ್‌ಗೆ. ಪೆಡಲಿನ ಬಳಿ ಕುಳಿತ ಮೋಟಾರು ಚೈನಿನ ಮೂಲಕ ಎಳೆಯುವುದರಿಂದ ಏರಿನಲ್ಲಿ ಸೈಕಲ್‌ನ ಗೇರುಗಳೆಲ್ಲ ಅದಕ್ಕೂ ಒದಗುತ್ತವೆ. ಯಳ್ಳೂರಿನ ರಾಜಹಂಸಗಡ ಹತ್ತುವವರು ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಲಿ. ಗೇರೇ ಇಲ್ಲದ ನನ್ನ ಸೈಕಲ್‌ಗೆ ಅದನ್ನು ಕೂರಿಸಿದರೆ ಈ ಲಾಭವೆಲ್ಲ ಹೋಗಿ ಚೈನು ಸವೆಯುವ ಖರ್ಚು ಮಾತ್ರ ಉಳಿಯುತ್ತದೆ. ಬೆಲೆಯಂತೂ ನನ್ನ ಕಿಟ್‌ನ ದುಪ್ಪಟ್ಟನ್ನು ಮೀರಿತ್ತು.

ಇನ್ನು ತಕರಾರುಗಳು. ನನ್ನ ಪೆಡಲಿನ ಸೆನ್ಸರ್ ಸುತ್ತುವುದನ್ನು ಮಾತ್ರ ಗುರುತಿಸುತ್ತದೆ, ಎಷ್ಟು ಒತ್ತುತ್ತಿದ್ದೇನೆ ಎಂಬುದು ಅದಕ್ಕೆ ಗೊತ್ತಾಗದು. ಹೀಗಾಗಿ ಮೋಟಾರು ಅರೆಕ್ಷಣ ತಡವಾಗಿ ಏಳುತ್ತದೆ, ತುಳಿಯುವುದು ನಿಲ್ಲಿಸಿದ ಮೇಲೂ ಅರೆಕ್ಷಣ ನೂಕುತ್ತದೆ. ಬ್ರೇಕ್ ಹಿಡಿದೊಡನೆ ಕರೆಂಟು ಕಡಿಯುವ ಲಿವರ್ ಇಲ್ಲದ ಕಿಟ್ಟನ್ನು ಪೇಟೆಯವರು ಮುಟ್ಟಬೇಡಿ. ಅಚ್ಚು ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಪಟ್ಟಿಯನ್ನು ಅಂಗಡಿಯವರು ಕೊಡಲೇ ಇಲ್ಲ; ಕೇಳಿದ್ದಕ್ಕೆ ಬೇರೆ ಹಣ ಎಂದರು. ಅದಿಲ್ಲದೆ ನಟ್ಟು ಸಡಿಲಾದರೆ ಅಚ್ಚು ಸುತ್ತಿ ವೈರು ಕಿತ್ತುಹೋಗುತ್ತದೆ.

ಪಂಕ್ಚರ್ ಅಂಗಡಿಯ ಹುಡುಗ ವೈರು ಕಂಡೊಡನೆ, "ಕಾಕಾ, ಈ ಗಾಲಿಗೆ ನಾನು ಕೈ ಹಚ್ಚುವುದಿಲ್ಲ" ಎಂದ. ಗಾಲಿ ಬಿಚ್ಚುವುದೇ ಬೇಡ, ಒಂದು ಬದಿಯಿಂದ ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕು ಎಂದ ಮೇಲೆ ಒಪ್ಪಿದ. ಮಳೆಯಲ್ಲಿ ಮೋಟಾರಿಗೆ ಏನೂ ಆಗಿಲ್ಲ, ವೈರಿನ ಜೋಡಣೆಗಳು ಕೆಳಮುಖವಾಗಿರುವಂತೆ ಕಟ್ಟಿಸಿದ್ದೇನೆ. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ವಿದ್ಯುತ್ತೂ ಹಿಡಿಯುವುದಿಲ್ಲ.

350 ವ್ಯಾಟ್ ಕೊಡುತ್ತೇವೆ ಎಂದು ಆಸೆ ತೋರಿಸುವವರಿದ್ದಾರೆ. 250 ವ್ಯಾಟ್ ಅಥವಾ ಗಂಟೆಗೆ 25 ಕಿ.ಮೀ. ಮಿತಿ ದಾಟಿದರೆ ನೋಂದಣಿ, ಲೈಸೆನ್ಸ್ ಎಲ್ಲ ಬೇಕಾಗುತ್ತದೆ. ಹಣ ಕೊಡುವ ಮೊದಲು ಒಳಗಿನ ನೈಲಾನ್ ಹಲ್ಲುಚಕ್ರ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ, ಸವೆಯುವುದು ಅದೇ. ನಾನು ಕೇಳಿದಾಗ ಮೂರು ಅಂಗಡಿಗಳಲ್ಲಿ ಒಂದರವರು ಮಾತ್ರ ಪೆಟ್ಟಿಗೆ ತೆರೆದು ತೋರಿಸಿದರು, ಕಿಟ್ಟನ್ನು ಅಲ್ಲಿಯೇ ತೆಗೆದುಕೊಂಡೆ.