ಮಾಡ್ಯೂಲ್ ಅಪ್‌ಡೇಟ್ ಬಂದಿದೆ ಎಂದು ಯಾರು ಹೇಳಬೇಕು? ನಾಲ್ಕು ವಿಧಾನಗಳ ಹೋಲಿಕೆ

ನಾನು ನೋಡಿಕೊಳ್ಳುವ ಡ್ರುಪಲ್ ಮತ್ತು ವರ್ಡ್‌ಪ್ರೆಸ್ (ಜಾಲತಾಣ ಕಟ್ಟುವ ತಂತ್ರಾಂಶಗಳು) ತಾಣಗಳಲ್ಲಿ, ಮಾಡ್ಯೂಲ್‌ಗಳಿಗೆ (ತಾಣಕ್ಕೆ ಹೆಚ್ಚುವರಿ ಸೌಲಭ್ಯ ಸೇರಿಸುವ ತುಣುಕುಗಳು; ವರ್ಡ್‌ಪ್ರೆಸ್‌ನಲ್ಲಿ ಇವೇ ಪ್ಲಗಿನ್‌ಗಳು) ಹೊಸ ಆವೃತ್ತಿ ಬಂದಾಗ ನಿರ್ವಾಹಕರಿಗೆ ತಿಳಿಸುವ ನಾಲ್ಕು ವಿಧಾನಗಳನ್ನು ಬಳಸಿ ನೋಡಿದ್ದೇನೆ. ಯಾವ ಸೂಚನೆಯೂ ಬಾರದಿದ್ದಾಗ, ಹೊಸದೇನೂ ಇಲ್ಲವೆಂದು ತಿಳಿಯಬೇಕೋ ಸೂಚನೆ ಕಳುಹಿಸುವ ಏರ್ಪಾಡೇ ನಿಂತುಹೋಗಿದೆಯೆಂದು ತಿಳಿಯಬೇಕೋ ಎಂಬ ಪ್ರಶ್ನೆಯನ್ನಿಟ್ಟುಕೊಂಡೇ ನಾಲ್ಕನ್ನೂ ಒರೆಗೆ ಹಚ್ಚಿದ್ದೇನೆ.

ಡ್ಯಾಶ್‌ಬೋರ್ಡ್‌ನಲ್ಲಿ (ತಾಣದ ನಿರ್ವಹಣಾ ಪುಟದಲ್ಲಿ) ಕಾಣುವ ಸೂಚನೆ ಲಾಗಿನ್ ಆದವರಿಗೆ ಮಾತ್ರ. ಒಮ್ಮೆ ಕಟ್ಟಿ ಬಿಟ್ಟ ತಾಣಗಳಿಗೆ ಅದರಿಂದ ಪ್ರಯೋಜನವಿಲ್ಲ.

ಇಮೇಲ್ ವಿಚಾರ ಅಷ್ಟು ಸರಳವಲ್ಲ. 2008ರಲ್ಲಿ ಬಂದ ಡ್ರುಪಲ್ 6ರಿಂದಲೂ ಈ ಸೌಲಭ್ಯ ಮೂಲ ತಂತ್ರಾಂಶದಲ್ಲೇ ಇದೆ. ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಪರಿಶೀಲಿಸಿ, ಎಲ್ಲ ಹೊಸ ಆವೃತ್ತಿಗಳ ಬಗ್ಗೆ ಅಥವಾ ಭದ್ರತಾ ಅಪ್‌ಡೇಟ್‌ಗಳ ಬಗ್ಗೆ ಮಾತ್ರ ಪತ್ರ ಕಳುಹಿಸುವಂತೆ ಹೊಂದಿಸಬಹುದು. ಮೊದಲನೆಯದನ್ನು ಆರಿಸಿದರೆ ಪತ್ರಗಳು ರಾಶಿ ಬೀಳುತ್ತವೆ, ಕ್ರಮೇಣ ಯಾರೂ ತೆರೆದು ನೋಡುವುದಿಲ್ಲ. ಎರಡನೆಯದೇ ಸರಿ. ಆದರೂ ತಾಣದ ಕ್ರಾನ್ (ನಿಗದಿತ ಕೆಲಸಗಳನ್ನು ಹೊತ್ತುಹೊತ್ತಿಗೆ ತಾನಾಗಿ ನಡೆಸುವ ಏರ್ಪಾಡು) ನಿಂತರೆ ಪತ್ರವೂ ನಿಲ್ಲುತ್ತದೆ. ಎಸ್‌ಪಿಎಫ್ ದಾಖಲೆ (ನಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಇಮೇಲ್ ಕಳುಹಿಸಬಹುದೆಂದು ಸಾರುವ ದಾಖಲೆ) ಸರಿಯಿಲ್ಲದಿದ್ದರೆ ಪತ್ರ ಹೊರಟರೂ ಸ್ಪ್ಯಾಮ್‌ಗೆ ಸೇರುವ ಸಾಧ್ಯತೆ ಹೆಚ್ಚು. ವರ್ಡ್‌ಪ್ರೆಸ್ ದಿನಕ್ಕೆರಡು ಬಾರಿ ಪರಿಶೀಲಿಸುತ್ತದಾದರೂ ಅದರ ಕ್ರಾನ್ ನಡೆಯುವುದು ಯಾರಾದರೂ ತಾಣಕ್ಕೆ ಭೇಟಿ ಕೊಟ್ಟಾಗ. ಅಲ್ಲದೆ ಪ್ಲಗಿನ್ ತಾನಾಗಿ ಅಪ್‌ಡೇಟ್ ಆದರೆ ಪತ್ರ ಬರುತ್ತದೆಯೇ ಹೊರತು, ಅಪ್‌ಡೇಟ್ ಲಭ್ಯವಿದೆ ಎಂದಷ್ಟೇ ತಿಳಿಸುವ ಪತ್ರ ಬರುವುದಿಲ್ಲ. ಅದಕ್ಕೆ ಇನ್ನೊಂದು ಪ್ಲಗಿನ್ ಬೇಕು, ಆ ಪ್ಲಗಿನ್ನಿನ ಅಪ್‌ಡೇಟನ್ನೂ ನಾವೇ ಗಮನಿಸಬೇಕು!

ಡ್ರುಪಲ್‌ನ ಭದ್ರತಾ ತಂಡದ ಆರ್‌ಎಸ್‌ಎಸ್ ಫೀಡ್ (ಹೊಸ ಪ್ರಕಟಣೆಗಳನ್ನು ಚಂದಾದಾರರಿಗೆ ತಲುಪಿಸುವ ಪಟ್ಟಿ) ನಮ್ಮ ತಾಣದ ಆರೋಗ್ಯವನ್ನು ಅವಲಂಬಿಸಿಲ್ಲ. ಡ್ರುಪಲ್‌ನ ಭದ್ರತಾ ಪ್ರಕಟಣೆಗಳು ಸಾಮಾನ್ಯವಾಗಿ ಬುಧವಾರ ಬರುವುದರಿಂದ ಆ ದಿನ ಕಾದು ನೋಡಬಹುದು. 2014ರ ಅಕ್ಟೋಬರ್ 15ರಂದು ಪ್ರಕಟವಾದ ದೋಷದ ವಿಷಯದಲ್ಲಿ, ಪ್ರಕಟಣೆಯ ನಂತರದ 7 ಗಂಟೆಗಳೊಳಗೆ ಸರಿಪಡಿಸದ ಡ್ರುಪಲ್ 7 ತಾಣಗಳೆಲ್ಲ ದಾಳಿಗೊಳಗಾಗಿವೆಯೆಂದೇ ಭಾವಿಸಬೇಕೆಂದು ತಂಡ ಆಮೇಲೆ ಎಚ್ಚರಿಸಿತು; ದಿನಕ್ಕೊಮ್ಮೆ ನಡೆಯುವ ಪರಿಶೀಲನೆ ಅಂತಹ ವೇಗಕ್ಕೆ ಸಾಲದು. ಫೀಡ್‌ನ ಕೊರತೆಯೆಂದರೆ ನಮ್ಮಲ್ಲಿ ಯಾವ ಮಾಡ್ಯೂಲ್‌ಗಳಿವೆಯೆಂದು ಅದಕ್ಕೆ ತಿಳಿಯದು. ಹತ್ತು ಪ್ರಕಟಣೆಗಳಲ್ಲಿ ನಮಗೆ ಸಂಬಂಧಿಸಿದ್ದು ಒಂದೂ ಇರದಿರಬಹುದು.

ನನಗೆ ಹೆಚ್ಚು ಹಿಡಿಸಿದ್ದು, ಪಿಎಚ್‌ಪಿ ಭಾಷೆಯ ಪ್ಯಾಕೇಜ್‌ಗಳನ್ನು ನಿರ್ವಹಿಸುವ ಸಾಧನವಾದ ಕಂಪೋಸರ್‌ನ 2.4ನೇ ಆವೃತ್ತಿಯಲ್ಲಿ ಬಂದ ‘ಆಡಿಟ್’ ಕಮಾಂಡ್. ಪ್ರತಿ ಬೆಳಿಗ್ಗೆ ಬೇರೊಂದು ಸರ್ವರ್‌ನಲ್ಲಿ ಅದು ತಾಣದ ಲಾಕ್ ಕಡತವನ್ನು (ಯಾವ ಪ್ಯಾಕೇಜ್‌ನ ಯಾವ ಆವೃತ್ತಿಯಿದೆಯೆಂದು ಬರೆದಿಟ್ಟ ಕಡತ) ಓದಿ, ದೋಷವಿರುವ ಪ್ಯಾಕೇಜ್‌ನ ಹೆಸರು ಮತ್ತು ಬಾಧಿತ ಆವೃತ್ತಿಗಳನ್ನು ಪಟ್ಟಿ ಮಾಡುತ್ತದೆ; ಅದನ್ನು ಒಂದು ಚಿಕ್ಕ ಸ್ಕ್ರಿಪ್ಟ್ ತಂಡದ ಚಾಟ್‌ಗೆ ಕಳುಹಿಸುತ್ತದೆ. ದೋಷವಿಲ್ಲದ ದಿನವೂ ‘ಪರಿಶೀಲನೆ ಮುಗಿದಿದೆ’ ಎಂಬ ಒಂದು ಸಾಲು ಬರುವಂತೆ ಮಾಡಿದ್ದೇನೆ. ಆ ಸಾಲು ಕಾಣದಿದ್ದರೆ ಏರ್ಪಾಡು ಕೆಟ್ಟಿದೆಯೆಂದೇ ಅರ್ಥ. ಆದರೆ ಕೈಯಾರೆ ನಕಲು ಮಾಡಿ ಸೇರಿಸಿದ ಮಾಡ್ಯೂಲ್‌ಗಳು ಇದರ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಡ್ರುಪಲ್ ತಾಣಗಳಿಗೆ ಈ ಕಮಾಂಡ್ ಮತ್ತು ಬುಧವಾರದ ಫೀಡ್ ಎರಡನ್ನೂ ಉಳಿಸಿಕೊಂಡಿದ್ದೇನೆ. ಸಣ್ಣ ವರ್ಡ್‌ಪ್ರೆಸ್ ತಾಣಗಳಲ್ಲಿ 5.5ನೇ ಆವೃತ್ತಿಯಿಂದ ಲಭ್ಯವಿರುವ ಪ್ಲಗಿನ್ ಸ್ವಯಂ ಅಪ್‌ಡೇಟನ್ನು ಚಾಲೂ ಮಾಡಿ, ಕ್ರಾನ್ ಅನ್ನು ನೇರವಾಗಿ ಸರ್ವರ್‌ನಿಂದಲೇ ನಡೆಸುತ್ತಿದ್ದೇನೆ.