ಎರೆ ರಾಡಿಗೆ ಯಾವ ಮಿಲಿಟರಿ ಗಾಡಿ? ಹಳೇ ಜಿಪ್ಸಿ, ಸಫಾರಿ ಸ್ಟಾರ್ಮ್, ಹೊಸ ಗೂರ್ಖಾ

ಎರಡು ದೊಡ್ಡ ಮಳೆ ಬಿದ್ದ ಮೇಲೆ ಜೇವರ್ಗಿ, ಚಿತ್ತಾಪುರ, ಶಹಾಪುರ ಕಡೆಯ ಎರೆ ಹೊಲದ ದಾರಿಗೆ ಗಾಡಿ ಇಳಿಸಿದರೆ ಎಂಜಿನ್ ಎಷ್ಟು ದೊಡ್ಡದು ಅನ್ನೋದು ಆಮೇಲಿನ ಮಾತು. ಗಾಡಿ ಎಷ್ಟು ತೂಕ ಅನ್ನೋದೇ ಮೊದಲ ಮಾತು. ಲಿಲಾವಿನಲ್ಲಿ ಬಂದ ಮಿಲಿಟರಿಯ ಮಾರುತಿ ಜಿಪ್ಸಿ ತಗೊಳ್ಳೋದಾ, ಸೆಕೆಂಡ್ ಹ್ಯಾಂಡ್ ಟಾಟಾ ಸಫಾರಿ ಸ್ಟಾರ್ಮ್ ಫೋರ್ ಬೈ ಫೋರ್ ಹುಡುಕೋದಾ, ಶೋರೂಮಿಗೆ ಹೋಗಿ ಗೂರ್ಖಾ ಬುಕ್ ಮಾಡೋದಾ ಎಂದು ಲೆಕ್ಕ ಹಾಕುತ್ತಿರುವವರು ಇಲ್ಲಿಂದಲೇ ಶುರು ಮಾಡಬೇಕು.

ಸೇನೆ ಗಾಡಿ ಬದಲಿಸಿದ್ದು ಮುಖ್ಯವಾಗಿ ಹೊರೆಯ ಲೆಕ್ಕದ ಮೇಲೆ. ಜಿಪ್ಸಿ 500 ಕೆಜಿ ಹೊರುವ ವರ್ಗದ್ದು. ಆಮೇಲೆ ಬೇಕಾದದ್ದು 800 ಕೆಜಿ ಹೊರುವ, ಗಟ್ಟಿ ಮೇಲ್ಛಾವಣಿ ಮತ್ತು ಎಸಿ ಇರುವ ಗಾಡಿ. ಹಾಗಾಗಿ 2017ರಲ್ಲಿ 3192 ಸಫಾರಿ ಸ್ಟಾರ್ಮ್‌ಗಳಿಗೆ ಒಪ್ಪಂದವಾಯಿತು. 2025ರ ಮಾರ್ಚ್‌ನಲ್ಲಿ ಫೋರ್ಸ್ ಕಂಪನಿಗೆ 2978 ಗೂರ್ಖಾಗಳ ಆರ್ಡರ್ ಸಿಕ್ಕಿತು. ಇವಕ್ಕಿಂತ ಹಿಂದಿನದು ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಜೊಂಗಾ. 3956 ಸಿಸಿಯ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಲೀಟರಿಗೆ ನಾಲ್ಕೈದು ಕಿಲೋಮೀಟರ್. ಮೆರವಣಿಗೆಗೆ, ಸಂಗ್ರಹಕ್ಕೆ ಚೆಂದ. ದಿನದ ಕೆಲಸಕ್ಕೆ ಬೇಡ, ಬಿಡಿಭಾಗ ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ.

ಜಿಪ್ಸಿ 1985ರ ಡಿಸೆಂಬರ್‌ನಲ್ಲಿ ಬಂದಾಗ 970 ಸಿಸಿ ಎಂಜಿನ್, ನಾಲ್ಕು ಗೇರ್ ಇತ್ತು. 1996ರ ಜಿಪ್ಸಿ ಕಿಂಗ್ ಮಾದರಿಗೆ 1298 ಸಿಸಿ ಎಂಜಿನ್, ಐದು ಗೇರ್ ಬಂತು. ಅದೇ ಸಿಸಿಯ ಎಂಜಿನ್ನು 2000ದ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಮಾದರಿಯಲ್ಲಿ 80 ಎಚ್‌ಪಿಗೆ ಏರಿತು. ಕೊಳ್ಳುವುದಾದರೆ ಎಂಪಿಎಫ್‌ಐ ಕೊಳ್ಳಿ. ಕಾರ್ಬ್ಯುರೇಟರ್ ಗಾಡಿ ನಮ್ಮ ಮೇ ತಿಂಗಳ 43 ಡಿಗ್ರಿಯಲ್ಲಿ ಬಿಸಿಯಾಗಿ ನಿಂತರೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ, ಅರ್ಧ ತಾಸು ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಮ್‌ನ ಕೊನೆಯ ಮಾದರಿಯದ್ದು 2.2 ಲೀಟರ್ ಡೀಸೆಲ್, 400 ಎನ್‌ಎಂ ಟಾರ್ಕ್. 2024ರ ಗೂರ್ಖಾದ್ದು 2.6 ಲೀಟರ್ ಡೀಸೆಲ್, 140 ಎಚ್‌ಪಿ, 320 ಎನ್‌ಎಂ. ಕಾಗದದ ಮೇಲೆ ಜಿಪ್ಸಿ ಇವೆರಡರ ಹತ್ತಿರಕ್ಕೂ ಬರುವುದಿಲ್ಲ.

ಈಗ ರಾಡಿಗೆ ಬನ್ನಿ. ಜಿಪ್ಸಿ ಹೆಚ್ಚೂ ಕಡಿಮೆ ಒಂದು ಟನ್. ಒಂದೊಂದು ಗಾಲಿಯ ಮೇಲೆ 250 ಕೆಜಿ, ಟೈರು 205 ಮಿ.ಮೀ. ಅಗಲ. ಅಂದರೆ ಟೈರಿನ ಒಂದು ಸೆಂಟಿಮೀಟರ್ ಅಗಲಕ್ಕೆ 12 ಕೆಜಿ. ಗೂರ್ಖಾ ಎರಡು ಟನ್ ದಾಟುತ್ತದೆ; ಟೈರು 255 ಇದ್ದರೂ ಒಂದು ಸೆಂಟಿಮೀಟರಿಗೆ 20 ಕೆಜಿ ಬೀಳುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬಿದಾಗ ಈ ವ್ಯತ್ಯಾಸವೇ ಗಾಡಿ ದಾಟುತ್ತದೋ ಹೂಳುತ್ತದೋ ಎಂದು ತೀರ್ಮಾನಿಸುತ್ತದೆ. ಜೂನ್ ಮೊದಲ ಮಳೆಗಳಲ್ಲಿ ಮೇಲಿನ ಮೂರ್ನಾಲ್ಕು ಇಂಚು ಮಾತ್ರ ಹಸಿ, ಕೆಳಗೆ ಗಟ್ಟಿ. ಆಗ ಕಿರಿದಾದ ಟೈರು ರಾಡಿ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ, ಮೂರೂ ಗಾಡಿ ನಡೆಯುತ್ತವೆ. ಆಗಸ್ಟ್‌ನಲ್ಲಿ ವಾರಗಟ್ಟಲೆ ಜಿಟಿಜಿಟಿ ಹಿಡಿದ ಮೇಲೆ ತಳವೇ ಸಿಗುವುದಿಲ್ಲ. ಆಗ ಹಗುರ ಗಾಡಿ ಮಾತ್ರ ದಾಟುತ್ತದೆ. ಜಿಪ್ಸಿಯ ಟೈರಿನ ಗಾಳಿಯನ್ನು 16ರಿಂದ 18 ಪಿಎಸ್‌ಐಗೆ ಇಳಿಸಿ, ಲೋ ಗೇರಿನ (ಫೋರ್ ಬೈ ಫೋರ್‌ನ ನಿಧಾನ, ಹೆಚ್ಚು ಎಳೆತದ ಗೇರು) ಎರಡನೆಯದರಲ್ಲಿ ಒಂದೇ ಸಮನೆ ನಡೆಸಬೇಕು. ಗಾಲಿ ಗರಗರ ತಿರುಗಿತೋ ಆಕ್ಸಿಲರೇಟರ್ ಬಿಟ್ಟುಬಿಡಿ. ತಿರುಗಿಸಿದಷ್ಟೂ ಗುಂಡಿ ಆಳವಾಗುತ್ತದೆ. ಗಾಳಿ ಇಳಿಸಿದ ಮೇಲೆ 25 ಕಿ.ಮೀ. ವೇಗ ದಾಟಬೇಡಿ, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಿ.

ಜಿಪ್ಸಿಗೆ ದಪ್ಪ ಟೈರು ಹಾಕಿಸುವವರು ಒಂದು ಮಾತು ತಿಳಿದಿರಬೇಕು. ಎರೆ ಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಾರೆಯ ಹಾಗೆ ತುಂಬುತ್ತದೆ. ಟೈರಿಗೂ ಬಾಡಿಗೂ ನಡುವೆ ನಾಲ್ಕು ಬೆರಳು ಜಾಗವಿಲ್ಲದಿದ್ದರೆ ಗಾಲಿಯೇ ಸಿಕ್ಕಿಬೀಳುತ್ತದೆ, ಎಂಜಿನ್ ಶಕ್ತಿಯೆಲ್ಲ ಆ ಮಣ್ಣು ಅರೆಯುವುದಕ್ಕೇ ಹೋಗುತ್ತದೆ. ಮೇಲ್ಮೈಯ ರಬ್ಬರ್ ಗುಬ್ಬಿಗಳ ನಡುವೆ ಅಂತರ ಹೆಚ್ಚಿರುವ ಟೈರು ತಿರುಗುತ್ತಲೇ ಮಣ್ಣನ್ನು ಉದುರಿಸಿಕೊಳ್ಳುತ್ತದೆ. ಸೀಟಿನ ಹಿಂದೆ ಎರಡು ಅಡಿಯ ಒಂದು ಕಬ್ಬಿಣದ ಪಟ್ಟಿ ಇರಲಿ, ಮಣ್ಣು ಕೆರೆದು ತೆಗೆಯಲು.

ಹಾಗಂತ ಎಲ್ಲ ಕಡೆ ಜಿಪ್ಸಿಯೇ ಗೆಲ್ಲುತ್ತದೆ ಎಂದಲ್ಲ. ಬೀದರ್ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲ ಮಳೆಯಲ್ಲೂ ಹಿಡಿತ ಕೊಡುತ್ತದೆ, ಅಲ್ಲಿ ತೂಕ ಅಡ್ಡಿಯಲ್ಲ. ಚಿಂಚೋಳಿಯ ಗುಡ್ಡದ ಕೊರಕಲುಗಳಲ್ಲಿ, ಶಹಾಬಾದ್ ಕಲ್ಲಿನ ಗಣಿಯ ಮೆಟ್ಟಿಲು ಮೆಟ್ಟಿಲಾದ ಹಾಸುಗಳಲ್ಲಿ ಒಂದು ಗಾಲಿ ಗಾಳಿಯಲ್ಲಿ ತೇಲುತ್ತದೆ. ಜಿಪ್ಸಿಯಲ್ಲಿ ಡಿಫರೆನ್ಷಿಯಲ್ ಲಾಕ್ (ಎಡ-ಬಲದ ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಬಿಗಿಯುವ ವ್ಯವಸ್ಥೆ) ಇಲ್ಲ. ಮುಂದೊಂದು ಹಿಂದೊಂದು ಗಾಲಿ ಹಿಡಿತ ಕಳೆದುಕೊಂಡರೆ ಶಕ್ತಿಯೆಲ್ಲ ಆ ಎರಡಕ್ಕೇ ಹರಿದು ಗಾಡಿ ನಿಂತಲ್ಲೇ ನಿಲ್ಲುತ್ತದೆ. ಗೂರ್ಖಾದಲ್ಲಿ ಹಿಂದೆ, ಮುಂದೆ ಎರಡೂ ಕಡೆ ಲಾಕ್ ಇದೆ. ಮೊದಲು ಲೋ ಗೇರು, ಆಮೇಲೆ ಹಿಂದಿನ ಲಾಕ್. ಅದರಲ್ಲೂ ಆಗದಿದ್ದರೆ ಮಾತ್ರ ಮುಂದಿನದು. ಮುಂದಿನದು ಹಾಕಿದಾಗ ಸ್ಟಿಯರಿಂಗ್ ತಿರುಗಿಸಲು ಹೋದರೆ ಶಾಫ್ಟಿನ ಜಾಯಿಂಟು ಮುರಿಯಬಹುದು, ನೆಟ್ಟಗೆ ಹೋಗಬೇಕಾದಲ್ಲಿ ಮಾತ್ರ ಬಳಸಿ. ಗೂರ್ಖಾಗೆ 700 ಮಿ.ಮೀ. ನೀರು ದಾಟುವ ಸಾಮರ್ಥ್ಯ, ಕಂಪನಿಯದೇ ಸ್ನಾರ್ಕೆಲ್ (ಎಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಇವೆ. ಕಾಗಿಣಾ, ಬೆಣ್ಣೆತೊರೆ ಕಡೆಯ ಹಳ್ಳಗಳಿಗೆ ಇದು ದೊಡ್ಡ ಅನುಕೂಲ.

ಹೊರೆಯ ವಿಷಯದಲ್ಲಿ ಚರ್ಚೆಯೇ ಇಲ್ಲ. ಇಬ್ಬರು ಮನುಷ್ಯರಿಗೆ 150 ಕೆಜಿ ಕಳೆದರೆ 500ರ ಜಿಪ್ಸಿಯಲ್ಲಿ 50 ಕೆಜಿಯ ಏಳು ಚೀಲ ತೊಗರಿ, 800ರ ಗಾಡಿಯಲ್ಲಿ ಹದಿಮೂರು. ಹುಮನಾಬಾದ್–ಕಲಬುರಗಿ ಹೆದ್ದಾರಿಯಲ್ಲಿ 80 ಕಿ.ಮೀ. ವೇಗಕ್ಕೆ ಜಿಪ್ಸಿ ಕೂಗುತ್ತದೆ, ಕಮಾನಿ ಪಟ್ಟಿ ಬೆನ್ನು ಮುರಿಯುತ್ತದೆ. ಸ್ಟಾರ್ಮ್ ಅದೇ ದಾರಿಯಲ್ಲಿ ಎಸಿ ಹಾಕಿಕೊಂಡು ಸುಮ್ಮನೆ ಓಡುತ್ತದೆ. ಮೂರರಲ್ಲಿ ಕೂತು ಹೋಗಲು ಒಳ್ಳೆಯದು ಅದೇ.

ಇನ್ನು ಕೆಡುವ ಮಾತು. ಜಿಪ್ಸಿಯ ದೊಡ್ಡ ರೋಗ ಸ್ಟಿಯರಿಂಗ್ ನಡುಗುವುದು. 50–60 ವೇಗದಲ್ಲಿ ಒಂದು ಗುಂಡಿಗೆ ಇಳಿದರೆ ಮುಂದಿನ ಗಾಲಿಗಳು ಥರಥರ ಅದುರತೊಡಗುತ್ತವೆ, ಬ್ರೇಕ್ ಹಾಕುವ ತನಕ ನಿಲ್ಲುವುದಿಲ್ಲ. ಅನೇಕರು ಗಾಲಿ ಬ್ಯಾಲೆನ್ಸ್ ಮಾಡಿಸಿ ದುಡ್ಡು ಕಳೆಯುತ್ತಾರೆ. ಸಾಮಾನ್ಯವಾಗಿ ಕಾರಣ ಸವೆದ ಕಿಂಗ್‌ಪಿನ್ ಬೇರಿಂಗ್, ಅಂದರೆ ಮುಂದಿನ ಗಾಲಿ ಎಡಬಲ ತಿರುಗುವ ಗೂಟದ ಬೇರಿಂಗ್. ಪರೀಕ್ಷೆ ಸುಲಭ. ಮುಂದಿನ ಗಾಲಿಯನ್ನು ಜಾಕ್ ಮೇಲೆ ಎತ್ತಿ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಇಟ್ಟು ಅಲ್ಲಾಡಿಸಿ. ಸಡಿಲ ಕಂಡರೆ ಒಬ್ಬರನ್ನು ಬ್ರೇಕ್ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಸಡಿಲ ಹೋದರೆ ಅದು ಗಾಲಿ ಬೇರಿಂಗಿನದು. ಹೋಗದಿದ್ದರೆ ಕಿಂಗ್‌ಪಿನ್ನಿನದು. ಒಂದು ಗಾಲಿಗೆ ಮೇಲೊಂದು ಕೆಳಗೊಂದು, ಒಟ್ಟು ನಾಲ್ಕು ಬೇರಿಂಗ್ ಒಟ್ಟಿಗೇ ಬದಲಿಸಿ, ಶಿಮ್ಮುಗಳಿಂದ (ತೆಳು ಲೋಹದ ಬಿಲ್ಲೆ) ಬಿಗಿ ಹೊಂದಿಸಬೇಕು. ಒಂದೇ ಬದಿ ಮಾಡಿಸಿದರೆ ಆರು ತಿಂಗಳಿಗೆ ಮತ್ತೆ ಅದೇ ನಡುಕ.

ಮುಂದಿನ ಆಕ್ಸಲ್ ತುದಿಯಲ್ಲಿ ಗಾಲಿ ತಿರುಗುವ ಕಬ್ಬಿಣದ ಗುಂಡಿನ ಹೊರಗೆ ತೆಳ್ಳಗೆ ಗ್ರೀಸ್ ಮೆತ್ತಿದ್ದರೆ ಚಿಂತೆಯಿಲ್ಲ. ತೆಳು ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿದೆ ಎಂದೇ ಅರ್ಥ. ಹಿಂದಿನ ಸೀಲ್ ಹೋದರೆ ಎಣ್ಣೆ ಬ್ರೇಕ್ ಡ್ರಮ್ಮಿಗೆ ಇಳಿದು ಆ ಗಾಲಿ ಬ್ರೇಕೇ ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆ) ರಬ್ಬರುಗಳು ಒಡೆದರೆ ಕ್ಲಚ್ ಬಿಡುವಾಗ ನೆಲದಡಿ ಧಡ್ ಎಂಬ ಸದ್ದು ಬರುತ್ತದೆ. ಗೇರ್‌ಬಾಕ್ಸ್ ಬಿಚ್ಚುವ ಮುನ್ನ ಆ ರಬ್ಬರು ನೋಡಿ.

ಜಿಪ್ಸಿಯ ಒಳ್ಳೆಯ ಗುಣ ಎಂದರೆ ಇಷ್ಟೂ ಕೆಲಸ ಊರ ಮಿಸ್ತ್ರಿಯ ಪಾನಾ, ಸುತ್ತಿಗೆಯಲ್ಲಿ ಆಗುತ್ತದೆ. ಸ್ಟಾರ್ಮ್, ಗೂರ್ಖಾ ಹಾಗಲ್ಲ. ಇಂಜೆಕ್ಟರ್, ಸೆನ್ಸರ್ ತೊಂದರೆಗೆ ಸ್ಕ್ಯಾನರ್ ಬೇಕೇ ಬೇಕು. ಸ್ಟಾರ್ಮ್‌ನ ಟೂ ವೀಲ್, ಫೋರ್ ವೀಲ್ ಬದಲಾವಣೆ ಒಳಗಿನ ನಾಬ್ ತಿರುಗಿಸಿದರೆ ಮೋಟರಿನಿಂದ ಆಗುತ್ತದೆ. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಆ ಮೋಟರು ಜಾಮ್ ಆಗಿ, ಬೇಕಾದ ದಿನ ಗಾಲಿ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ಒಂದು ಕಿಲೋಮೀಟರ್ ಓಡಿಸಿ. ಡಾಂಬರಿನ ಮೇಲೆ ಮಾತ್ರ ಹಾಕಬೇಡಿ. ತಿರುವಿನಲ್ಲಿ ಮುಂದಿನ ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಓಡಬೇಕು, ಆ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ನಡುವೆ ಇಲ್ಲದ್ದರಿಂದ ಶಾಫ್ಟು, ಅದರ ಕ್ರಾಸ್ ಜಾಯಿಂಟು, ಟೈರು ಎಲ್ಲ ಸವೆಯುತ್ತವೆ. ಈ ಮಾತು ಮೂರಕ್ಕೂ ಅನ್ವಯ. ಹೊಸ ಎರಡಕ್ಕೂ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡೂ ಗಾಲಿ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವಂಥದ್ದು), ಹಾಗಾಗಿ ಶಾಫ್ಟಿನ ರಬ್ಬರ್ ಬೂಟು ತೆರೆದೇ ಇರುತ್ತದೆ. ಕೊಯ್ದ ತೊಗರಿ ಕೂಳೆ ಅದನ್ನು ಸುಲಭವಾಗಿ ಹರಿಯುತ್ತದೆ. ಗ್ರೀಸ್ ಹೊರಬಂದು ಮಣ್ಣು ಒಳಹೊಕ್ಕರೆ ಕೆಲವೇ ದಿನಕ್ಕೆ ಜಾಯಿಂಟ್ ಕಟಕಟ ಎನ್ನುತ್ತದೆ. ಹೊಲದಿಂದ ಬಂದ ದಿನವೇ ಬಗ್ಗಿ ನೋಡುವುದು ರೂಢಿಯಾಗಲಿ.

ಸೇಡಂ, ಚಿತ್ತಾಪುರದವರಿಗೆ ಬೇರೆಯಾಗಿ ಒಂದು ಮಾತು. ಸುಣ್ಣಕಲ್ಲಿನ ನೆಲದ ಬೋರ್ ನೀರನ್ನು ರೇಡಿಯೇಟರಿಗೆ ಹಾಕಬೇಡಿ. ಪಾತ್ರೆ ತಳದಲ್ಲಿ ಕೂರುವ ಆ ಬಿಳಿ ಪದರವೇ ರೇಡಿಯೇಟರಿನ ನಳಿಗೆಗಳಲ್ಲೂ ಕೂರುತ್ತದೆ, ಮೇ ತಿಂಗಳಲ್ಲಿ ಲೋ ಗೇರಿನಲ್ಲಿ ಹತ್ತು ನಿಮಿಷಕ್ಕೆ ಸೂಜಿ ಕೆಂಪಿಗೆ ಹೋಗುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಸಿಮೆಂಟ್ ಲಾರಿಗಳ ದಾರಿಯಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಕಂಪನಿ ಹೇಳಿದ ಅರ್ಧ ಅವಧಿಗೇ ಬದಲಿಸಲಿ.

ಲಿಲಾವಿನ ಗಾಡಿ ಕೊಳ್ಳುವವರು ಕಾಗದ ನೋಡದೆ ದುಡ್ಡು ಕೊಡಬಾರದು. ಸೇನೆಯ ಗಾಡಿಗೆ ನಮ್ಮ ಹಾಗೆ ಆರ್‌ಸಿ ಇರುವುದಿಲ್ಲ. ಸೇನೆಯ ಅಧಿಕಾರಿ ಕೊಟ್ಟ ಫಾರ್ಮ್ 21ರ ಮಾರಾಟ ಪತ್ರ ಮೂಲಪ್ರತಿಯಲ್ಲೇ ಬೇಕು, ಅದರ ಜೊತೆ ಫಾರ್ಮ್ 20ರ ಅರ್ಜಿ. ಕೈಯಿಂದ ಕೈಗೆ ದಾಟಿ ಬಂದು, ಮೂಲಪ್ರತಿ ಇಲ್ಲದೆ ಜೆರಾಕ್ಸ್ ಮಾತ್ರ ಇದ್ದರೆ ಬಿಟ್ಟುಬಿಡಿ. ಎಷ್ಟೇ ಅಗ್ಗವಾದರೂ ಅದು ಹೊಲದಲ್ಲೇ ನಿಲ್ಲುವ ಗಾಡಿ. ಪತ್ರದ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನ ಗುದ್ದಿದ ಅಕ್ಷರಗಳ ಜೊತೆ ಒಂದೊಂದೇ ಅಂಕಿ ಓದಿ ಹೊಂದಿಸಿ. ಮಿಲಿಟರಿ ಆಲಿವ್ ಹಸಿರು ಬಣ್ಣ ಎಷ್ಟು ಮೆಚ್ಚಿದರೂ ಉಳಿಸಿಕೊಳ್ಳುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಆರ್‌ಟಿಒಗೆ ಒಯ್ಯುವ ಮೊದಲೇ ಬಣ್ಣ ಬದಲಿಸಿ.

ನಮ್ಮ ತೀರ್ಪು ಇಷ್ಟು. ಎರೆ ಹೊಲ, ಕಾಲುವೆ ದಂಡೆ, ದಿನಕ್ಕೆ ಮೂವತ್ತು ಕಿಲೋಮೀಟರ್ ಒಳಗಿನ ಓಡಾಟವಾದರೆ ಎಂಪಿಎಫ್‌ಐ ಜಿಪ್ಸಿ, ಕಣ್ಣು ಮುಚ್ಚಿಕೊಂಡು. ಗಣಿ, ಗುಡ್ಡ, ಭಾರದ ಸಾಮಾನಾದರೆ ಗೂರ್ಖಾ. ಸ್ಟಾರ್ಮ್ ಒಳ್ಳೆಯ ಗಾಡಿಯೇ, ಆದರೆ ತಯಾರಿಕೆ ನಿಂತಿದೆ. ಹೆದ್ದಾರಿ ಓಟ ಹೆಚ್ಚಿದ್ದು, ಹತ್ತಿರ ಸ್ಕ್ಯಾನರ್ ಇರುವ ಗ್ಯಾರೇಜ್ ಇದ್ದರೆ ಮಾತ್ರ ತಗೊಳ್ಳಿ.

ಜಿಪ್ಸಿ ಮನೆಗೆ ತಂದ ವಾರವೇ ಎಲ್ಲ ಎಣ್ಣೆ ಬದಲಿಸಿ. ಗೇರ್‌ಬಾಕ್ಸಿಗೆ 1.3 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ 0.8, ಮುಂದಿನ ಡಿಫರೆನ್ಷಿಯಲ್‌ಗೆ 2, ಹಿಂದಿನದಕ್ಕೆ 1.5. ಇಳಿದ ಎಣ್ಣೆ ಹಾಲು ಬೆರೆತ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹೌಸಿಂಗ್ (ಹೊರಗಿನ ಕವಚ) ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಎರಡೂ ಹೌಸಿಂಗಿನ ಉಸಿರು ಪೈಪುಗಳಿಗೆ ಉದ್ದ ರಬ್ಬರ್ ಪೈಪ್ ಜೋಡಿಸಿ, ಮುಂದಿನದನ್ನು ಬಾನೆಟ್ಟಿನೊಳಗೆ ಎತ್ತರಕ್ಕೂ ಹಿಂದಿನದನ್ನು ಪೆಟ್ರೋಲ್ ಮುಚ್ಚಳದ ಎತ್ತರಕ್ಕೂ ಕಟ್ಟಿಸಿ. ಒಂದು ತಾಸಿನ ಕೆಲಸ, ಮಳೆಗಾಲಕ್ಕೆ ಮುಂಚೆಯೇ ಮುಗಿದಿರಲಿ.